ಗುರುಕಿರಣನ ನಂಬರು

ವಿಚ್ಛೇದನವಾಗಿ ಒಂಬತ್ತು ತಿಂಗಳು ಕಳೆದಿದ್ದರೂ ವಿಮಲಾಕ್ಷಿ ಯಾವ ಹೋಟೆಲಿನಲ್ಲಿ ತಿಂಡಿ ತಿಂದಳು, ಯಾವ ಅಂಗಡಿಯಲ್ಲಿ ಚಪ್ಪಲಿ ಕೊಂಡಳು ಎಂಬುದು ಗುರುಕಿರಣನಿಗೆ ಅದೇ ಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಇದಕ್ಕಾಗಿ ಅವನು ಅವಳ ಹಿಂದೆ ಯಾರನ್ನೂ ಬಿಟ್ಟಿರಲಿಲ್ಲ. ಅವಳ ಬ್ಯಾಂಕ್ ಖಾತೆಗೆ ಕೊಟ್ಟಿದ್ದ ಫೋನ್ ನಂಬರು ಅವನದು, ಅಷ್ಟೆ. ಮದುವೆಯಾದ ಹೊಸತರಲ್ಲಿ ಖಾತೆ ತೆರೆಸಿದವನು ಅವನು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಹಾಕಿದವಳು ಇವಳು.

ಹೀಗಾಗಿ ಅವಳು ಅಂಗಡಿಯಲ್ಲಿ ಕಾರ್ಡು ಉಜ್ಜಿದರೆ ಕಲ್ಯಾಣ ನಗರದಲ್ಲಿ ಅವನ ಫೋನು ಕೂಗುತ್ತಿತ್ತು. ಹಿಂದೆಯೇ ಅವನ ವಾಟ್ಸಾಪ್ ಬರುತ್ತಿತ್ತು. 'ಹಲ್ಲಿನ ಡಾಕ್ಟರ ಹತ್ರ ಹೋಗಿದ್ದೆಯಾ? ಯಾವ ಹಲ್ಲು?' ಸಂಸಾರ ಮಾಡಿದ ಹದಿನಾರು ವರ್ಷದಲ್ಲಿ ಅವಳಿಗೆ ಹಲ್ಲಿದೆಯೆಂಬುದನ್ನೇ ಗಮನಿಸದಿದ್ದ ಮನುಷ್ಯ ಈಗ ಅವಳ ದವಡೆಯವರೆಗೆ ಬಂದಿದ್ದ.

ಅವನು ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಎಂದು ಬರೆದು, ತುಂಬಿಸಿದ ತಾರೀಖು ಹಾಕುತ್ತಿದ್ದ. ಕುಕ್ಕರ್ ಒಂದು ಸೀಟಿ ಹೆಚ್ಚು ಕೂಗಿದರೆ ಹಾಲ್‌ನಲ್ಲಿ ಕೂತಲ್ಲಿಂದಲೇ ಯಾಕೆ ಎಂದು ಕೇಳುತ್ತಿದ್ದ. ಇಂಥದನ್ನು ನ್ಯಾಯಾಧೀಶರ ಮುಂದೆ ಹೇಳಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಇಬ್ಬರೂ ಒಪ್ಪಿ ಬೇರೆಯಾದರು.

ವಿಮಲಾಕ್ಷಿ ಕೆ.ಆರ್. ಪುರದಲ್ಲಿದ್ದ ತಮ್ಮ ಮುರಳಿಯ ಮನೆಗೆ ಬಂದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಹಾಲ್‌ನಲ್ಲಿದ್ದ ದಿವಾನ. ಟೀವಿ ಆರುವವರೆಗೆ ಅವಳು ಮಲಗುವಂತಿರಲಿಲ್ಲ, ತಮ್ಮನ ಹೆಂಡತಿ ಆಶಾರಾಣಿ ಕಸ ಗುಡಿಸಲು ಬಂದ ಮೇಲೆ ಮಲಗಿರುವಂತಿರಲಿಲ್ಲ. "ಇರ್ಲಿ ಬಿಡಿ ಅಕ್ಕ, ಮಲಗಿರಿ, ನಾನು ಸುತ್ತ ಗುಡಿಸ್ಕೊಂಡು ಹೋಗ್ತೀನಿ" ಎಂದು ಆಶಾರಾಣಿ ಹೇಳುತ್ತಿದ್ದ ಧಾಟಿಗೆ, ಕಣದಲ್ಲಿ ಮಲಗಿದ ನಾಯಿಯೂ ಎದ್ದು ಹೋಗಬೇಕು, ಹಾಗಿರುತ್ತಿತ್ತು.

ಶಿವಾಜಿನಗರದ ಮಂಜೂರ್ ಅವರ ಸೀರೆ ಅಂಗಡಿಯಲ್ಲಿ ವಿಮಲಾಕ್ಷಿ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಆ ಮಂಜೂರ್ ಅವರೇ ಫ್ರೇಜರ್ ಟೌನಿನಲ್ಲಿ ಒಂದು ಮನೆ ತೋರಿಸಿದ್ದರು. ಎರಡನೇ ಮಹಡಿ, ಎರಡು ಕೋಣೆ, ಟೆರೇಸಿನಲ್ಲಿ ಡ್ರಮ್ಮಿನೊಳಗೆ ನೆಟ್ಟ ಒಂದು ನಿಂಬೆ ಗಿಡ. ಒಂಟಿ ಹೆಂಗಸು, ಅದರಲ್ಲೂ ಗಂಡನನ್ನು ಬಿಟ್ಟವಳು ಎಂದು ಏಳು ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ ಮೇಲೆ ಸಿಕ್ಕ ಎಂಟನೆಯ ಮನೆ ಅದು. ಓನರು ಉಮ್ಮೆ ಕುಲ್ಸುಂ ಗಂಡನ ಸುದ್ದಿ ಕೇಳಲೇ ಇಲ್ಲ. ಒಂದೇ ಒಂದು ಷರತ್ತು ಹಾಕಿದರು.

"ನೋಡು ಬೇಟಿ, ಅಡ್ವಾನ್ಸು ನಿನ್ನ ಖಾತೆಯಿಂದಾನೇ ಬರ್ಬೇಕು. ಹೋದ ಸಲ ಇದ್ದ ಹುಡುಗಿಗೆ ಅವಳ ಭಾವ ಕೊಟ್ಟಿದ್ದ. ಆಮೇಲೆ ವಾರಕ್ಕೊಂದು ದಿನ ಬಂದು, ಕಿಟಕಿ ಯಾಕೆ ತೆಗ್ದಿದೀರಿ, ಕಿಟಕಿ ಯಾಕೆ ಮುಚ್ಚಿದೀರಿ ಅಂತ ಕೂರ್ತಿದ್ದ. ನಕ್ಕೋ ಅಮ್ಮಾ, ಬೇಡ ನನಗೆ ಆ ತಲೆನೋವು. ಯಾರ ಖಾತೆಯಿಂದ ದುಡ್ಡೋ ಅವರ ಹೆಸರಿಗೆ ಮನೆ. ಗುರುವಾರ ಸಂಜೆ ಮಗ್ರಿಬ್ ಅಜಾನ್ ತನಕ ನೋಡ್ತೀನಿ. ದೊಮ್ಮಲೂರಿಂದ ಒಂದು ಜೋಡಿ ಕಾಯ್ತಾ ಇದೆ."

ಗುರುವಾರ ಬಂದೇ ಬಂತು.

ಬೆಳಿಗ್ಗೆ ವಿಮಲಾಕ್ಷಿ ಮುರಳಿಯ ಕಂಪ್ಯೂಟರಿನ ಮುಂದೆ ಕುಳಿತು, ಕಲಿತಷ್ಟನ್ನೂ ನೆನಪಿಸಿಕೊಂಡು, ಉಮ್ಮೆ ಕುಲ್ಸುಂ ಅವರ ಖಾತೆಗೆ ಅಡ್ವಾನ್ಸ್ ಕಳಿಸುವವರೆಗೂ ಬಂದಳು. ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ ಎಂದಿತು ಪರದೆ. ನಿಮ್ಮ ಮೊಬೈಲು ಎಂದರೆ ಗುರುಕಿರಣನ ಮೊಬೈಲು. ಅವಳು ಫೋನು ಮಾಡಿದಳು. ಅವಳಿಗೆ ಬಾಯಿಪಾಠ ಬರುತ್ತಿದ್ದ ನಂಬರು ಪ್ರಪಂಚದಲ್ಲಿ ಅದೊಂದೇ.

"ಓಟಿಪಿ ಬಂದಿರುತ್ತೆ. ಹೇಳಿ."

"ಬಂದಿದೆ. ಇಷ್ಟು ದೊಡ್ಡ ಮೊತ್ತ ಯಾರಿಗೆ?"

"ಮನೆ ಅಡ್ವಾನ್ಸು. ಬೇಗ ಹೇಳ್ರೀ, ಟೈಮ್ ಮುಗಿಯುತ್ತೆ." ವಿಚ್ಛೇದನದ ಆದೇಶ ಅವಳ ಬಾಯಿಂದ 'ರೀ'ಯನ್ನು ಇನ್ನೂ ಬಿಡಿಸಿರಲಿಲ್ಲ.

"ಎಷ್ಟನೇ ಮಹಡಿ?"

"ಎರಡನೇದು."

"ಕಾವೇರಿ ನೀರಾ, ಬೋರ್‌ವೆಲ್ಲಾ?"

"ಗೊತ್ತಿಲ್ಲ."

"ನೀರು ಕೇಳದೆ ಅಡ್ವಾನ್ಸ್ ಕೊಡ್ತಾರಾ ಯಾರಾದ್ರೂ? ಎರಡನೇ ಮಹಡಿ ಅಂದ್ರೆ ಮೋಟರ್ ಎಷ್ಟು ಹೆಚ್‌ಪೀದು ಅಂತ ವಿಚಾರಿಸ್ಬೇಕು. ಟ್ಯಾಂಕು ಎಲ್ಲಿದೆ?"

ಟ್ಯಾಂಕು ಎಲ್ಲಿದೆ ಎಂದು ವಿಮಲಾಕ್ಷಿ ಯೋಚಿಸುವಷ್ಟರಲ್ಲಿ ಪರದೆಯ ಮೇಲೆ ಸಮಯ ಮೀರಿದೆ ಎಂದು ಬಂತು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಕೇಳುತ್ತಿದ್ದ ಆಶಾರಾಣಿ, "ಅವರು ಹೇಳೋದೂ ಸರಿ ಅಕ್ಕ, ನೀರು ಮುಖ್ಯ" ಎಂದಳು.

ಅದು ಕಿವಿಗೆ ಬಿದ್ದದ್ದೇ ತಡ, ಹದಿನಾರು ವರ್ಷ ಒಳಗೆ ಕುದ್ದದ್ದು ಉಕ್ಕಿ ಒಲೆಗೆ ಬಿತ್ತು.

"ನೋಡಿ, ನಿಮ್ಮ ಹೆಸರಿಗೆ ಸೇರಿದ್ದು ಒಂದು ಸೂಜಿನೂ ನನ್ನ ಹತ್ರ ಇರಬಾರ್ದು. ನಿಮ್ಮ ನಂಬರು ನಾನು ತೆಗೆಸ್ತೀನಿ. ನಿಮ್ಮ ಕಡೆಯಿಂದ ಏನೇನಿದೆಯೋ ಎಲ್ಲಾ ನೀವು ಬಿಡಿಸ್ಕೊಳ್ಳಿ. ಇವತ್ತೇ."

"ಇವತ್ತೇನಾ?"

"ಇವತ್ತೇ."

"ಸರಿ. ರಜ ಹಾಕ್ತೀನಿ" ಎಂದ ಗುರುಕಿರಣ. ಅವನಿಗೆ ಸಿಟ್ಟು ಬಂದಿರಲಿಲ್ಲ. ಮಾಡುವ ಕೆಲಸ ಇಂಥದು ಎಂದು ಯಾರಾದರೂ ಸ್ಪಷ್ಟವಾಗಿ ಹೇಳಿದರೆ ಅವನಿಗೆ ಸಮಾಧಾನವೇ ಆಗುತ್ತಿತ್ತು.

ವಿಮಲಾಕ್ಷಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಾಗ ಕೆಳಮನೆಯ ವೀರಣ್ಣ ಆಗಲೇ ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ. ಬ್ಯಾಂಕಿನ ವ್ಯವಹಾರ, ಒಬ್ಬರೇ ಹೋಗೋದು ಬೇಡ ಎಂದು ಆಶಾರಾಣಿ ಕಿಟಕಿಯಿಂದಲೇ ಅವನನ್ನು ನೇಮಿಸಿದ್ದಳು. ರಾಣೆಬೆನ್ನೂರಿನ ಕಡೆಯವನು. ಮನೆಮನೆ ತಿರುಗಿ ಕರೆಂಟಿನ ಮೀಟರು ಓದಿ ನಿವೃತ್ತನಾಗಿದ್ದ. ಕೆಲಸ ಹೋದರೂ ಅಭ್ಯಾಸ ಹೋಗಿರಲಿಲ್ಲ. ಯಾರ ಕೈಯಲ್ಲಿ ಫೋನಿದ್ದರೂ ಕತ್ತು ನೀಡಿ, ಕಣ್ಣು ಕಿರಿದು ಮಾಡಿ ಓದಿಬಿಡುತ್ತಿದ್ದ.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತುವಷ್ಟರಲ್ಲಿ, "ತಂಗೀ, ನಿಮ್ಮ ದುಡ್ಡನ್ನ ಬ್ಯಾಂಕಿನಾಗ ಇಟ್ಟದ್ದೇ ತಪ್ಪು. ನನ್ನ ಷಡ್ಡಕ ಒಬ್ಬ ಚೀಟಿ ನಡಸ್ತಾನ" ಎಂದು ಶುರುಮಾಡಿದ. ಒಂಬತ್ತು ತಿಂಗಳಿಂದ ವಿಮಲಾಕ್ಷಿಗೆ ಇಂಥ ಹಿತವಚನ ಹೊಸದಲ್ಲ. ಆಶಾರಾಣಿ ಬಂಗಾರ ಎನ್ನುತ್ತಿದ್ದಳು, ಮುರಳಿ ಸೈಟು ಎನ್ನುತ್ತಿದ್ದ, ಹಾಲಿನ ಬೂತಿನವರು ಮ್ಯೂಚುಯಲ್ ಫಂಡು ಎನ್ನುತ್ತಿದ್ದರು. ಅವಳ ದುಡ್ಡು ಎಲ್ಲಿರಬೇಕೆಂಬುದು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಬಸ್ಸು ಹಲಸೂರು ಮುಟ್ಟುವ ಮೊದಲೇ ಗುರುಕಿರಣನ ಸಂದೇಶ ಬಂದು ಅವಳ ಫೋನು ಟಣ್ ಎಂದಿತು. ವೀರಣ್ಣ ಅವಳಿಗಿಂತ ಮೊದಲೇ ಓದಿದ.

"ಇನ್ಶೂರೆನ್ಸಿನಾಗ ನಿಮ್ಮ ಹೆಸರು ತೆಗಸಿದಾರಂತೆ."

"ತೆಗೆಸ್ಲಿ" ಎಂದಳು ವಿಮಲಾಕ್ಷಿ. ಎದೆಯ ಮೇಲಿಂದ ಒಂದು ಕಲ್ಲು ಕೆಳಗಿಳಿದಂತೆನಿಸಿತು.

ಹಲಸೂರಿನ ಬ್ಯಾಂಕಿನಲ್ಲಿ ಇವರ ಟೋಕನ್ನಿನ ಸರದಿ ಬಂದದ್ದು ಊಟದ ವಿರಾಮ ಮುಗಿದ ಮೇಲೆ. ಕೌಂಟರಿನ ಆಚೆ ಇದ್ದವನು ಭೀಮೇಶ್, ಮೂವತ್ತರ ಒಳಗಿನ ತೆಳ್ಳನೆಯ ಹುಡುಗ. ಅವಳ ಕತೆ ಕೇಳಿ, "ಇಷ್ಟೇನಾ ಮೇಡಂ? ಒಂದು ಫಾರಂ, ಒಂದು ಸೈನು. ಐದು ನಿಮಿಷ" ಎಂದ.

ವಿಮಲಾಕ್ಷಿ ಫಾರಂ ತುಂಬಿ ತನ್ನ ನಂಬರು ಬರೆದು ಸಹಿ ಹಾಕಿ ಕೊಟ್ಟಳು. ಭೀಮೇಶ್ ಕಂಪ್ಯೂಟರನ್ನು ನೋಡಿದ. ಫಾರಮ್ಮನ್ನು ನೋಡಿದ. ಮತ್ತೆ ಕಂಪ್ಯೂಟರನ್ನು ನೋಡಿದ.

"ಮೇಡಂ, ಸೈನ್ ಮ್ಯಾಚ್ ಆಗ್ತಿಲ್ಲ."

"ನನ್ನದೇ ಸೈನು. ವಿಮಲಾಕ್ಷಿ ಎಸ್."

"ಖಾತೆ ತೆಗೆದಾಗ ನೀವು ವಿಮಲಾಕ್ಷಿ ಗುರುಕಿರಣ ಅಂತ ಹಾಕಿದೀರಿ."

"ಆ ಹೆಸರು ತೆಗೆಸೋಕೇ ಬಂದಿರೋದು ನಾನು."

"ತೆಗೀತೀವಿ ಮೇಡಂ. ಆದ್ರೆ ಆ ಹೆಸರು ತೆಗೀಬೇಕಾದ್ರೆ ಆ ಹೆಸರಲ್ಲೇ ಸೈನ್ ಹಾಕ್ಬೇಕು."

ಇನ್ನೆಂದೂ ಬರೆಯುವುದಿಲ್ಲವೆಂದು ಕೋರ್ಟಿನ ಮೆಟ್ಟಿಲ ಮೇಲೆ ಅಂದುಕೊಂಡಿದ್ದ ಹೆಸರನ್ನು ವಿಮಲಾಕ್ಷಿ ಹಲ್ಲು ಕಚ್ಚಿ ಬರೆದಳು. ಭೀಮೇಶ್ ತಲೆಯಾಡಿಸಿದ. ಇನ್ನೊಂದು ಫಾರಂ ಕೊಟ್ಟ. ಅದೂ ಆಗಲಿಲ್ಲ.

"ಹೆಂಗೈತಿ ಅನ್ನೋದನ್ನ ಒಂದೀಟು ತೋರಸ್ರಿ, ನೋಡಿ ಬರೀತಾರ" ಎಂದು ವೀರಣ್ಣ ಕೌಂಟರಿನ ಮೇಲೆ ಬಗ್ಗಿ ಕಂಪ್ಯೂಟರಿನ ಕಡೆಗೆ ಕತ್ತು ನೀಡಿದ. ಭೀಮೇಶ್ ಪರದೆಯನ್ನು ಥಟ್ಟನೆ ಆಚೆ ತಿರುಗಿಸಿದ.

"ಸೈನ್ ತೋರ್ಸೋ ಹಾಗಿಲ್ಲ ಸಾರ್, ರೂಲ್ಸು."

"ಸುಳಿವಾದ್ರೂ ಕೊಡ್ರಿ ಮತ್ತ."

ಭೀಮೇಶ್ ಪರದೆಯನ್ನು ಬಹಳ ಹೊತ್ತು ನೋಡಿದ. ಹೇಗೆ ಹೇಳುವುದೆಂದು ತಿಳಿಯದೆ ಕಿವಿ ಕೆರೆದುಕೊಂಡ.

"ಮೇಡಂ, ನೀವು ಈಗ ಹಾಕ್ತಿರೋದು ತುಂಬ ಸಿಟ್ಟಲ್ಲಿದೆ. ಇಲ್ಲಿರೋದು ಹಾಗಿಲ್ಲ. ಸ್ವಲ್ಪ ಸಂತೋಷವಾಗಿ ಹಾಕಿ."

ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಈಗ ಇದು ತಮ್ಮದೇ ಕೆಲಸವಾಯಿತು. ಪೆನ್ಷನ್ನಿಗೆ ಬಂದಿದ್ದ ಮುದುಕರೊಬ್ಬರು ಕೂತು ಬರೀಬೇಕಮ್ಮ ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಪೆನ್ನು ಸರಿಯಿಲ್ಲವೆಂದು ಇನ್ನೊಬ್ಬರು ಇಂಕಿನ ಪೆನ್ನು ಕೊಟ್ಟರು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು, "ಮದುವೆಯಾದ ಹೊಸದು ನೆನೆಸ್ಕೊಳ್ಳಿ ಅಕ್ಕ, ತಾನಾಗೇ ಬರುತ್ತೆ" ಎಂದು ಕಿವಿಯಲ್ಲಿ ಹೇಳಿದಳು.

ಈ ನಡುವೆ ಫೋನು ಮತ್ತೆ ಟಣ್ ಎಂದಿತು. ವೀರಣ್ಣ ಎಲ್ಲರಿಗೂ ಕೇಳುವಂತೆ ಓದಿದ. "ರೇಷನ್ ಕಾರ್ಡಿಗೆ ಅರ್ಜಿ ಕೊಟ್ಟಾಯ್ತು. ಗ್ಯಾಸ್ ಆಯ್ತು. ಇನ್ನೊಂದೇ ಬಾಕಿ, ಅದಕ್ಕೂ ಬರೆದು ಕೊಟ್ಟಿದೀನಿ, ಸಂಜೆ ಒಳಗೆ ಆಗುತ್ತೆ." ಓದಿ ಮುಗಿಸಿ, "ಏನೇ ಅನ್ರಿ, ಮಾತಿಗೆ ತಪ್ಪೋ ಮನುಷ್ಯ ಅಲ್ಲ" ಎಂದು ತನ್ನ ಮಾತನ್ನೂ ಸೇರಿಸಿದ.

ವಿಮಲಾಕ್ಷಿ ಕಣ್ಣು ಮುಚ್ಚಿ ಕುಳಿತಳು. ಖಾತೆ ತೆರೆದ ದಿನವನ್ನು ಹುಡುಕಿದಳು. ಎಮ್ಮೆ ಕೆಸರಿನಿಂದ ಕಾಲು ಕಿತ್ತಂತೆ ನಿಧಾನವಾಗಿ ಒಂದೊಂದೇ ಮೇಲೆ ಬಂತು. ಇದೇ ಬ್ಯಾಂಕು. ಆಗ ಮರದ ಬೆಂಚಿತ್ತು. ಅವಳು ಹಸಿರು ಗಾಜಿನ ಬಳೆ ತೊಟ್ಟಿದ್ದಳು. ಗುರುಕಿರಣ ಪಕ್ಕದಲ್ಲಿ ಕುಳಿತು, ತನ್ನ ಹೆಸರನ್ನು ಅವಳು ಮೊದಲ ಸಲ ಬರೆಯುವುದನ್ನು ಕೂಸು ಹೆಜ್ಜೆಯಿಡುವುದನ್ನು ನೋಡುವಂತೆ ನೋಡಿದ್ದ. ಬರೆದ ಮೇಲೆ, "ಚೆನ್ನಾಗಿದೆ" ಎಂದಿದ್ದ. ಹೊರಗೆ ಬಂದು ಇಬ್ಬರೂ ಕೆರೆಯ ಹತ್ತಿರ ಕಬ್ಬಿನ ಹಾಲು ಕುಡಿದಿದ್ದರು. ಅವತ್ತು ಅವನು ಚಿಲ್ಲರೆ ಎಣಿಸಿಕೊಂಡಿರಲಿಲ್ಲ.

ಅವಳ ಕೈ ತಾನೇ ಚಲಿಸಿತು. 'ಣ'ದ ತುದಿಯಿಂದ ಒಂದು ಬಳ್ಳಿ ಹೊರಟು ಹೆಸರಿನ ಅಡಿಯಲ್ಲಿ ಹರಿದು, ಕೊನೆಯಲ್ಲಿ ಸುರುಳಿ ಸುತ್ತಿಕೊಂಡಿತು.

"ಬಂತು ನೋಡಿ ಮೇಡಂ" ಎಂದ ಭೀಮೇಶ್. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ವಿಮಲಾಕ್ಷಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಡನಿಂದ ಪೂರ್ತಿ ಬಿಡುಗಡೆಯಾಗಲು ಅವಳು ಅವನನ್ನು ಮತ್ತೊಮ್ಮೆ ಮೆಚ್ಚಬೇಕಾಗಿ ಬಂದಿತ್ತು.

ಅಷ್ಟರಲ್ಲಿ ಹಣದ ಕೌಂಟರು ಮುಚ್ಚಿತ್ತು. ನಾಲ್ಕೂವರೆಯ ಸುಮಾರಿಗೆ ಅವಳ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ನಿಮ್ಮ ಈ ಮೊಬೈಲ್ ಸಂಖ್ಯೆಯನ್ನು ನಿಮ್ಮ ಖಾತೆಗೆ ಜೋಡಿಸಲಾಗಿದೆ. ವಿಮಲಾಕ್ಷಿ ಅದನ್ನು ಮೂರು ಸಲ ಓದಿದಳು. ಬ್ಯಾಂಕು ತನ್ನ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಒಂದು ಗಂಟೆ ಬಿಟ್ಟು ದುಡ್ಡು ಕಳ್ಸಿ. ಸಿಸ್ಟಮ್ಮಿಗೆ ಗೊತ್ತಾಗೋಕೆ ಅಷ್ಟು ಬೇಕು" ಎಂದ ಭೀಮೇಶ್. "ಇನ್ನೊಂದು ಮಾತು ಮೇಡಂ, ಈ ನಂಬರ್ ಜೋಪಾನ. ನಮ್ಮಲ್ಲಿ ಒಂದ್ಸಲ ಬದಲಾಯಿಸಿದ್ರೆ ಮೂರು ತಿಂಗಳು ಮತ್ತೆ ಮುಟ್ಟೋಕೆ ಸಿಸ್ಟಮ್ ಬಿಡಲ್ಲ."

"ಇದು ನನ್ನ ನಂಬರು. ಮದುವೆಯಾದಾಗಿಂದ ಇದೆ" ಎಂದಳು ವಿಮಲಾಕ್ಷಿ ಹೆಮ್ಮೆಯಿಂದ.

ಫ್ರೇಜರ್ ಟೌನಿಗೆ ಆಟೋದಲ್ಲಿ ಹೋದರು. ಉಮ್ಮೆ ಕುಲ್ಸುಂ ಇಬ್ಬರಿಗೂ ಚಹಾ ಕೊಟ್ಟು, ಅಗ್ರಿಮೆಂಟಿನ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಬಾಡಿಗೆದಾರರ ಹೆಸರಿನ ಜಾಗ ಖಾಲಿಯಿತ್ತು. ಫೋನಿನಲ್ಲಿ ಚೆನ್ನಾಗಿ ಬರಲಿ ಎಂದು ಅವರ ಮಗ ರಿಜ್ವಾನ್ ಮನೆಯ ವೈಫೈ ಹಾಕಿಕೊಟ್ಟು ಅಂಗಡಿಗೆ ಹೋದ. ಬಾಗಿಲ ಆಚೆ ಮೆಟ್ಟಿಲ ಮೇಲೆ ದೊಮ್ಮಲೂರಿನ ಜೋಡಿ ಆಗಲೇ ಬಂದು ಕುಳಿತಿತ್ತು. ಹುಡುಗಿ ಆಗಲೇ ತೆಗೆದುಕೊಂಡಿದ್ದ ನಿಂಬೆ ಗಿಡದ ಫೋಟೋ ಹುಡುಗನಿಗೆ ತೋರಿಸುತ್ತಿದ್ದಳು.

ವಿಮಲಾಕ್ಷಿ ಬೆರಳು ಒರೆಸಿಕೊಂಡು ಒಂದೊಂದೇ ಒತ್ತಿದಳು. ಹೆಸರು, ಖಾತೆ, ಮೊತ್ತ. ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ ಎಂದಿತು ಪರದೆ.

"ಈಗ ಬರುತ್ತೆ" ಎಂದಳು.

ಮೂವರೂ ಫೋನನ್ನು ಮೇಜಿನ ಮಧ್ಯದಲ್ಲಿಟ್ಟುಕೊಂಡು, ಮೊಟ್ಟೆಗೆ ಕೂತ ಕೋಳಿಯನ್ನು ನೋಡುವಂತೆ ನೋಡುತ್ತ ಕುಳಿತರು. ಕೋಳಿ ಕದಲಲಿಲ್ಲ. ಇನ್ನೊಮ್ಮೆ ಕಳಿಸಿ ಎಂದು ಒತ್ತಿದಳು. ಕಳಿಸಿದ್ದೇವೆ ಎಂದಿತು. ಬರಲಿಲ್ಲ. ಕೊನೆಗೆ ವೀರಣ್ಣ ಕಣ್ಣು ಕಿರಿದು ಮಾಡಿ, ಜೀವಮಾನವೆಲ್ಲ ಮೀಟರು ಓದಿದ ಗಾಂಭೀರ್ಯದಿಂದ ಫೋನಿನ ಮೂಲೆಯನ್ನು ಓದಿದ.

"ತಂಗೀ, ಇದರಾಗ ಸಿಗ್ನಲ್ ಕಡ್ಡೀನ ಇಲ್ಲ. ನೋ ಸರ್ವಿಸ್ ಅಂತೈತಿ."

ವಿಮಲಾಕ್ಷಿ ಸಿಮ್ಮನ್ನು ತೆಗೆದು ಸೆರಗಿಗೆ ಒರೆಸಿ ಹಾಕಿದಳು. ಫೋನನ್ನು ಆರಿಸಿ ಹಚ್ಚಿದಳು. ಏನೂ ಆಗಲಿಲ್ಲ. ಯಾರಿಗೆ ಕೇಳಬೇಕು? ಉಮ್ಮೆ ಕುಲ್ಸುಂ ತಮ್ಮ ಫೋನು ಕೊಟ್ಟರು. ಅವಳ ಬೆರಳು ಬಾಯಿಪಾಠವಿದ್ದ ಒಂದೇ ನಂಬರನ್ನು ಒತ್ತಿತು. ಉಮ್ಮೆ ಕುಲ್ಸುಂ ಅವರ ಕಿವಿ ಮಂದವಾದದ್ದರಿಂದ ಆ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು. "ನಾನು" ಎಂದಳು.

"ನಾನೇ ಮಾಡೋಣ ಅಂತಿದ್ದೆ" ಎಂದಿತು ಗುರುಕಿರಣನ ಧ್ವನಿ, ದಿನದ ಕೆಲಸ ಮುಗಿಸಿದವನ ನೆಮ್ಮದಿಯಲ್ಲಿ. "ಮಾಡಿದ್ರೆ ಹೋಗಲ್ಲ ಅಂತ ಆಮೇಲೆ ಹೊಳೀತು. ಎಲ್ಲಾ ಮುಗೀತು. ಕೊನೇದು ನಿನ್ನ ಸಿಮ್ಮು."

"ನನ್ನ ಸಿಮ್ಮು ಯಾಕೆ?"

"ಅದು ನನ್ನ ಹೆಸರಲ್ಲಿತ್ತಲ್ಲ. ಮದುವೆಯಾದ ವರ್ಷ ನಾನೇ ತಂದಿದ್ದು, ನನ್ನ ಐಡಿ ಕೊಟ್ಟು. ನಿಮ್ಮ ಹೆಸರಿಗೆ ಸೇರಿದ್ದು ಸೂಜಿನೂ ಇರಬಾರ್ದು ಅಂದೆ. ಬರೆದುಕೊಟ್ಟು ನಿಲ್ಲಿಸಿದೆ. ಐದು ಗಂಟೆಗೆ ಆಯ್ತು. ಹೊಸದು ನಿನ್ನ ಹೆಸರಲ್ಲೇ ತಗೋ, ಅದೇ ಒಳ್ಳೇದು." ಆಮೇಲೆ ಅವನಿಗೇ ಅನುಮಾನ ಬಂತು. "ಬ್ಯಾಂಕಲ್ಲಿ ಯಾವ ನಂಬರ್ ಕೊಟ್ಟೆ?"

"ಇದನ್ನೇ" ಎಂದು ವಿಮಲಾಕ್ಷಿ ಭೀಮೇಶನ ಮೂರು ತಿಂಗಳ ಮಾತನ್ನೂ ಹೇಳಿದಳು. ಬೆಳಿಗ್ಗೆಯ ತನಕ ಅವಳ ಓಟಿಪಿ ನೀರಿನ ವಿಚಾರ ಕೇಳುವ ಒಬ್ಬ ಮನುಷ್ಯನಿಗಾದರೂ ಹೋಗುತ್ತಿತ್ತು. ಇನ್ನು ಮೂರು ತಿಂಗಳು ಅದು ಯಾರಿಗೂ ಹೋಗುವುದಿಲ್ಲ.

"ಛೆ, ಕೇಳಿದ್ರೆ ಹೇಳ್ತಿದ್ದೆ" ಎಂದ ಗುರುಕಿರಣ. ನಿಜವಾಗಿಯೂ ನೊಂದಿದ್ದ. "ಒಂದು ಕೆಲಸ ಮಾಡ್ಲಾ? ಅಡ್ವಾನ್ಸ್ ನಾನು ಹಾಕ್ಬಿಡ್ತೀನಿ. ಎರಡು ನಿಮಿಷ. ನೀನು ಮೂರು ತಿಂಗಳು ಬಿಟ್ಟು ವಾಪಸ್ ಕೊಡು."

ಉಮ್ಮೆ ಕುಲ್ಸುಂ ಅವರ ಮುಖ ಅರಳಿತು. ಪೆನ್ನಿನ ಮುಚ್ಚಳ ತೆಗೆದರು. "ಹಾಕ್ಲಿ ಬೇಟಿ. ಹೆಸರೇನು ಅವರದ್ದು? ಅವರ ಹೆಸರಿಗೇ ಬರೀತೀನಿ. ನನಗೇನು, ರೂಲ್ಸ್ ಒಂದು ಸರಿಯಿದ್ರೆ ಸಾಕು."

"ಅಮ್ಮಾ, ಬರೆಯೋ ಮುಂಚೆ ಒಂದು ಮಾತು" ಎಂದಿತು ಸ್ಪೀಕರು. "ಅಲ್ಲಿ ಕಾವೇರಿ ನೀರಾ, ಬೋರ್‌ವೆಲ್ಲಾ?"

ವಿಮಲಾಕ್ಷಿ ಫೋನನ್ನು ಕಟ್ ಮಾಡಿ ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಬೇಡ ಅಮ್ಮಾ" ಎಂದಳು. ಮಸೀದಿಯಿಂದ ಅಜಾನ್ ಶುರುವಾಯಿತು. ಉಮ್ಮೆ ಕುಲ್ಸುಂ ತಲೆಯ ಮೇಲೆ ಸೆರಗೆಳೆದುಕೊಂಡು, ಅವಳ ಕೆನ್ನೆ ಸವರಿ, ಬಾಗಿಲ ಆಚೆಯ ಜೋಡಿಗೆ ಒಳಗೆ ಬನ್ನಿ ಎಂದು ಕೈ ಮಾಡಿದರು.

ವಾಪಸು ಬರುವ ಬಸ್ಸಿನಲ್ಲಿ ಜನ ಜೋಳದ ಚೀಲದಂತೆ ತುಂಬಿದ್ದರು. ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು. ವೀರಣ್ಣನ ಫೋನಿಗೆ ಆಶಾರಾಣಿಯ ಕರೆ ಬಂತು. ಅಕ್ಕನ ಮನೆ ಆಯ್ತಲ್ಲ, ದಿವಾನ ಮಾರೋಕೆ ಹಾಕಿದ್ದೆ, ತಗೊಳ್ಳೋರು ಬಂದು ತಗೊಂಡೂ ಹೋದ್ರು ಎನ್ನುತ್ತಿದ್ದಳು. ವೀರಣ್ಣ ಹೂಂ ಹೂಂ ಎಂದು ಇಟ್ಟುಬಿಟ್ಟ.

ಕಂಡಕ್ಟರ್ ಬಂದಾಗ ವಿಮಲಾಕ್ಷಿ ಆಧಾರ್ ಕಾರ್ಡು ತೋರಿಸಿದಳು. ಅವನು ಹರಿದು ಕೊಟ್ಟ ಉಚಿತ ಟಿಕೆಟ್ಟು ಇಡೀ ದಿನದಲ್ಲಿ ಓಟಿಪಿ ಇಲ್ಲದೆ ಅವಳ ಕೈಗೆ ಬಂದ ಒಂದೇ ವಸ್ತು. ಕಾರ್ಡನ್ನು ಚೀಲಕ್ಕೆ ಹಾಕುವಾಗ ಅದರ ಮೇಲೆ ಕಣ್ಣು ಬಿತ್ತು. ವಿಮಲಾಕ್ಷಿ, ಕೋಂ ಗುರುಕಿರಣ, ಕಲ್ಯಾಣ ನಗರ.

ವೀರಣ್ಣನೂ ಅದನ್ನು ಓದಿದ. ಹಲಸೂರು ದಾಟಿ ಇಂದಿರಾನಗರ ಬರುವವರೆಗೆ ಕಿಟಕಿಯಾಚೆಯ ಅಂಗಡಿ ಬೋರ್ಡು ಓದುತ್ತ ಕುಳಿತ. ಆಮೇಲೆ ಅಂಗಿಯ ಜೇಬಿಗೆ ಕೈಹಾಕಿ, ಪಾಕೀಟಿನ ಸಂದಿಯಿಂದ ಏನನ್ನೋ ಹುಡುಕಿ ತೆಗೆದು, ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ.

"ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ತಂಗೀ. ನನ್ನ ಹೆಸರಿನಾಗ ಒಂದು ಸಿಮ್ಮು ಸುಮ್ನ ಬಿದ್ದೈತಿ. ಇಟ್ಕೊಳ್ರಿ."